ಎರಡು ಇನ್‌ಪುಟ್ ಇರುವ ಫಿಲ್ಟರ್: ಒಂದನ್ನು ಸೊನ್ನೆ ಮಾಡಿ, ಕೀಳಬೇಡಿ

ಸಿರುಗುಪ್ಪದ ಹತ್ತಿರದ ಒಂದು ಊರಲ್ಲಿ ದೊಡ್ಡಾಟ ಇತ್ತು. ಸೌಂಡ್ ಸೆಟ್ ಜತೆ ನಾನೂ ಹೋಗಿದ್ದೆ. ಭಾಗವತರಿಗೆ ಒಂದು ಮೈಕು, ಹಾರ್ಮೋನಿಯಂಗೆ ಒಂದು. ಎರಡಕ್ಕೂ ಬೇರೆ ಬೇರೆ ಪ್ರೀಆಂಪ್, ಅಂದರೆ ಮೈಕಿನ ಸಣ್ಣ ಸಿಗ್ನಲ್ಲನ್ನು ಮೊದಲು ದೊಡ್ಡದು ಮಾಡುವ ಸರ್ಕಿಟ್. ಅವೆರಡನ್ನು ಸೇರಿಸಿ ಆಂಪ್ಲಿಫೈಯರ್‌ಗೆ ಕೊಡಲು ಒಂದು ಪುಟ್ಟ ಡಬ್ಬಿ ಮಾಡಿದ್ದೆ. ಒಳಗೆ 10 ಕಿಲೋ ಓಮ್‌ನ ಎರಡು ರೆಸಿಸ್ಟರ್, 10 ನ್ಯಾನೊಫ್ಯಾರಡ್‌ನ ಒಂದು ಕೆಪಾಸಿಟರ್, ಅಷ್ಟೇ. ಹಾರ್ನ್ ಕಿರುಚುವುದು ಕಮ್ಮಿ ಆಗಲಿ ಅಂತ ಆ ಕೆಪಾಸಿಟರ್. ಹೀಗೆ ಕೆಲವು ಫ್ರೀಕ್ವೆನ್ಸಿಯನ್ನು ಬಿಟ್ಟು ಕೆಲವನ್ನು ತಗ್ಗಿಸುವುದೇ ಫಿಲ್ಟರ್.

ಮಧ್ಯರಾತ್ರಿ ಹೊತ್ತಿಗೆ ಹಾರ್ಮೋನಿಯಂ ತಂತಿಯನ್ನು ಯಾರೋ ಡಬ್ಬಿಯಿಂದ ಕಿತ್ತರು. ತಕ್ಷಣ ಭಾಗವತರ ದನಿಯೇ ಬದಲಾಯಿತು. ಜೋರಾಯಿತು, ಆದರೆ ಕಂಬಳಿ ಹೊದಿಸಿದ ಹಾಗೆ ಮಂಕಾಯಿತು. ಮಾತು ತಿಳಿಯುತ್ತಿಲ್ಲ ಎಂದು ಮುಂದೆ ಕೂತ ಹಿರಿಯರು ಕೈ ಆಡಿಸಿದರು. ಮೈಕಿನ ದಾರಿಯನ್ನು ಯಾರೂ ಮುಟ್ಟಿರಲಿಲ್ಲ. ಕಿತ್ತಿದ್ದು ಹಾರ್ಮೋನಿಯಂ, ಕೆಟ್ಟಿದ್ದು ದನಿ.

ಬಳ್ಳಾರಿಗೆ ವಾಪಸ್ ಬಂದು ಆ ಡಬ್ಬಿಯನ್ನು, ಸರ್ಕಿಟನ್ನು ಕಂಪ್ಯೂಟರಿನಲ್ಲೇ ಓಡಿಸಿ ತೋರಿಸುವ ಸಿಮ್ಯುಲೇಟರ್‌ನಲ್ಲಿ ಹಾಕಿ ನೋಡಿದೆ. ಹತ್ತು ನಿಮಿಷದಲ್ಲಿ ಕಾರಣ ಸಿಕ್ಕಿತು. ಇದನ್ನೇ ಮೊದಲು ಮಾಡಿದ್ದರೆ ಆ ರಾತ್ರಿ ಅಷ್ಟು ಜನರ ಆಟ ಕೆಡುತ್ತಿರಲಿಲ್ಲ. ಒಂದಕ್ಕಿಂತ ಜಾಸ್ತಿ ಇನ್‌ಪುಟ್ ಇರುವ ಅನಲಾಗ್ ಫಿಲ್ಟರ್ ಮಾಡುವವರು, ಡಿಪ್ಲೊಮಾ ಹುಡುಗರಿರಲಿ, ಸೆಟ್ ರಿಪೇರಿ ಮಾಡುವವರಿರಲಿ, ಬೆಸುಗೆ ಹಾಕುವ ಮುಂಚೆ ಈ ಕೆಲಸ ಮಾಡಲೇಬೇಕು. ಹೇಗೆ ಅಂತ ಹೇಳುತ್ತೇನೆ.

ಯಾವ ಸಾಫ್ಟ್‌ವೇರ್?

ಎಲ್‌ಟಿಸ್ಪೈಸ್ ಸಾಕು. ಉಚಿತ, ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಎನ್‌ಜಿಸ್ಪೈಸ್ ಇನ್ನೊಂದು, ಅದೂ ಉಚಿತ. ಸರ್ಕಿಟ್ ಬೋರ್ಡ್ ಬಿಡಿಸುವ ಕೈಕ್ಯಾಡ್ ಬಳಸುವವರಿಗೆ ಅದು ಒಳಗೇ ಬರುತ್ತದೆ. ಐಐಟಿ ಬಾಂಬೆಯ ಫಾಸ್ಸಿ ತಂಡ ಮಾಡಿದ ಇಸಿಮ್ ಕೂಡ ಎನ್‌ಜಿಸ್ಪೈಸನ್ನೇ ಬಳಸುತ್ತದೆ. ಎಲ್ಲಕ್ಕೂ ಬೇರು ಒಂದೇ: 1970ರ ದಶಕದ ಶುರುವಿನಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಪೈಸ್. ಹಾಗಾಗಿ ಒಂದರಲ್ಲಿ ಕಲಿತರೆ ಉಳಿದವು ಕಷ್ಟವಲ್ಲ.

ಡಬ್ಬಿಯನ್ನು ಬರೆಯುವುದು

ಚಿತ್ರ ಬಿಡಿಸಿಯೂ ಮಾಡಬಹುದು. ಆದರೆ ಒಮ್ಮೆಯಾದರೂ ನೆಟ್‌ಲಿಸ್ಟ್ (ಯಾವ ಬಿಡಿಭಾಗ ಎಲ್ಲಿಂದ ಎಲ್ಲಿಗೆ ಎಂಬ ಪಟ್ಟಿ) ಬರೆದು ನೋಡಿ, ಎಲ್ಲಿ ಏನಾಗುತ್ತಿದೆ ಅಂತ ಚೆನ್ನಾಗಿ ತಿಳಿಯುತ್ತದೆ. ನನ್ನ ಡಬ್ಬಿ ಹೀಗಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಎರಡು ಮೈಕಿನ ಡಬ್ಬಿ
ವಿ1 ಎ 0 ಡಿಸಿ 0 ಎಸಿ 1
ವಿ2 ಬಿ 0 ಡಿಸಿ 0 ಎಸಿ 0
ಆರ್1 ಎ ಔಟ್ 10ಕೆ
ಆರ್2 ಬಿ ಔಟ್ 10ಕೆ
ಸಿ1 ಔಟ್ 0 10ಎನ್
.ಎಸಿ ಡೆಕ್ 100 20 20ಕೆ
.ಎಂಡ್

ಮೊದಲ ಸಾಲನ್ನು ಸ್ಪೈಸ್ ಯಾವಾಗಲೂ ಹೆಸರು ಅಂತಲೇ ಓದುತ್ತದೆ. ಅಲ್ಲಿ ರೆಸಿಸ್ಟರ್ ಬರೆದರೆ ಆ ರೆಸಿಸ್ಟರ್ ಸರ್ಕಿಟ್‌ನಲ್ಲೇ ಇರುವುದಿಲ್ಲ. ಕಲಿಯುವವರು ಮೊದಲು ಎಡವುವುದು ಇಲ್ಲೇ.

ಬಿಡಿಭಾಗದ ಪ್ರತಿ ಸಾಲಿನಲ್ಲಿ ಮೊದಲು ಅದರ ಹೆಸರು, ಆಮೇಲೆ ಅದರ ಎರಡು ತುದಿ ಸೇರುವ ಜಾಗ, ಅಂದರೆ ನೋಡ್, ಕೊನೆಗೆ ಬೆಲೆ. ನೋಡ್ 0 ಅಂದರೆ ನೆಲ, ಅಂದರೆ ಗ್ರೌಂಡ್. ವಿ1 ಅಂದರೆ ಭಾಗವತರ ಪ್ರೀಆಂಪ್, ವಿ2 ಹಾರ್ಮೋನಿಯಂನದು. ಕೊನೆಯಿಂದ ಎರಡನೇ ಸಾಲು 20 ಹರ್ಟ್ಜ್‌ನಿಂದ 20 ಕಿಲೋ ಹರ್ಟ್ಜ್‌ವರೆಗೆ, ಫ್ರೀಕ್ವೆನ್ಸಿ ಹತ್ತು ಪಟ್ಟಾಗುವ ಪ್ರತಿ ದೂರಕ್ಕೆ 100 ಜಾಗದಲ್ಲಿ ಲೆಕ್ಕ ಮಾಡು ಎನ್ನುತ್ತದೆ. ಇಡೀ ವಿಷಯದ ಕೀಲಿ ಇರುವುದು 'ಎಸಿ 1', 'ಎಸಿ 0' ಎನ್ನುವಲ್ಲಿ. ಎಸಿ 1 ಅಂದರೆ ಈ ಇನ್‌ಪುಟ್ ಮಾತಾಡಲಿ. ಎಸಿ 0 ಅಂದರೆ ಈ ಇನ್‌ಪುಟ್ ಸುಮ್ಮನಿರಲಿ, ಆದರೆ ಜಾಗ ಬಿಟ್ಟು ಹೋಗದಿರಲಿ.

1 ವೋಲ್ಟೇ ಯಾಕೆ? ಔಟ್‌ಪುಟ್ ಎಷ್ಟು ಬರುತ್ತದೋ ಅದೇ ಗೇನ್, ಅಂದರೆ ಒಳಗೆ ಕೊಟ್ಟಿದ್ದರ ಎಷ್ಟು ಪಟ್ಟು ಹೊರಬಂತು ಅನ್ನುವ ಅಂಕಿ, ಆಗಲಿ ಅಂತ. ಬೇರೆ ಅಂಕಿಯಿಂದ ಭಾಗಿಸುವ ಕೆಲಸ ತಪ್ಪುತ್ತದೆ.

ಸೊನ್ನೆ ಬೇರೆ, ಖಾಲಿ ಬೇರೆ

ಈಗ ರನ್ ಮಾಡಿ, ಔಟ್ ಎಂಬ ಜಾಗದ ಗ್ರಾಫ್ ನೋಡಿ. ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಮೈನಸ್ 6 ಡೆಸಿಬಲ್, ಅಂದರೆ ಅರ್ಧ. 3183 ಹರ್ಟ್ಜ್ ಹತ್ತಿರ ಅದಕ್ಕಿಂತ ಇನ್ನೂ 3 ಡೆಸಿಬಲ್ ಇಳಿದಿರುತ್ತದೆ. ಇದೇ ಕಾರ್ನರ್, ಇದರಿಂದ ಮೇಲಿನದನ್ನು ಈ ಫಿಲ್ಟರ್ ತಗ್ಗಿಸುತ್ತಾ ಹೋಗುತ್ತದೆ.

ವಿ2 ಸಾಲಿನ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಿ. ಆಗ ಸ್ಪೈಸ್ ಆ ಸಾಲನ್ನು ಬಿಟ್ಟುಬಿಡುತ್ತದೆ, ತಂತಿ ಕಿತ್ತ ಹಾಗೆ. ಒಂದೇ ಕಾಲಲ್ಲಿ ನೇತಾಡುವ ಆರ್2 ಬಗ್ಗೆ ಕೆಲವು ಸಿಮ್ಯುಲೇಟರ್ ಎಚ್ಚರಿಕೆ ಕೊಡಬಹುದು, ಬಿ ಮತ್ತು ನೆಲದ ನಡುವೆ 1 ಗಿಗಾ ಓಮ್ ರೆಸಿಸ್ಟರ್ ಹಾಕಿದರೆ ಸರಿಹೋಗುತ್ತದೆ. ಮತ್ತೆ ರನ್ ಮಾಡಿ. ಈಗ ಕೆಳಗೆ 0 ಡೆಸಿಬಲ್. ಕಾರ್ನರ್ 1592 ಹರ್ಟ್ಜ್‌ಗೆ ಇಳಿದಿರುತ್ತದೆ, ಸರಿಯಾಗಿ ಅರ್ಧ.

ಎರಡೂ ಗ್ರಾಫನ್ನು ಒಂದರ ಮೇಲೊಂದು ಇಟ್ಟು ನೋಡಿ. 100 ಹರ್ಟ್ಜ್‌ನಲ್ಲಿ ಎರಡರ ನಡುವೆ 6 ಡೆಸಿಬಲ್ ಅಂತರ. 10 ಕಿಲೋ ಹರ್ಟ್ಜ್‌ನಲ್ಲಿ ಒಂದು ಮೈನಸ್ 16.4, ಇನ್ನೊಂದು ಮೈನಸ್ 16.1, ಹೆಚ್ಚುಕಮ್ಮಿ ಒಂದೇ. ಅಂದರೆ ತಂತಿ ಕಿತ್ತಾಗ ದನಿಯ ಕೆಳಗಿನ ಭಾಗ ಡಬಲ್ ಆಯಿತು, 'ಸ', 'ಚ', 'ತ' ಕೇಳಿಸುವ ಮೇಲಿನ ಭಾಗ ಇದ್ದಲ್ಲೇ ಉಳಿಯಿತು. ಜೋರು ಮತ್ತು ಮಂಕು, ಎರಡೂ ಒಟ್ಟಿಗೆ. ಆ ರಾತ್ರಿ ಕಿವಿಗೆ ಬಿದ್ದದ್ದು ಇದೇ.

ಹೀಗ್ಯಾಕೆ ಆಗುತ್ತದೆ ಅನ್ನುವುದನ್ನು ಭತ್ತದ ಗದ್ದೆ ಕಂಡವರಿಗೆ ಹೇಳುವುದು ಸುಲಭ. ತುಂಗಭದ್ರಾ ಕಾಲುವೆ ನೀರು ಉಣ್ಣುವ ಒಂದು ಮಡಿ ಇದೆ ಅಂದುಕೊಳ್ಳಿ. ಅದಕ್ಕೆ ಎರಡು ಪುಟ್ಟ ಕಾಲುವೆ. ಮೊದಲನೆಯದರಲ್ಲಿ ನೀರು ಎತ್ತರ ನಿಂತಿದೆ. ಎರಡನೆಯದರಲ್ಲಿ ನೀರಿನ ಮಟ್ಟ ತಳದಲ್ಲಿದೆ, ಆದರೆ ದಾರಿ ತೆರೆದಿದೆ. ಮೊದಲನೆಯದರಿಂದ ಬಂದ ನೀರು ಎರಡನೆಯದರಲ್ಲಿ ಹರಿದು ಹೋಗುತ್ತಲೇ ಇರುತ್ತದೆ. ಮಡಿಯ ಮಟ್ಟ ಅರ್ಧಕ್ಕೇ ನಿಲ್ಲುತ್ತದೆ. ಎರಡನೆಯದಕ್ಕೆ ಮಣ್ಣು ಹಾಕಿ ಮುಚ್ಚಿಬಿಟ್ಟರೆ? ಮಡಿ ಪೂರ್ತಿ ತುಂಬುತ್ತದೆ, ತುಂಬಲು ಹೊತ್ತೂ ಜಾಸ್ತಿ ಹಿಡಿಯುತ್ತದೆ. ಎಸಿ 0 ಅಂದರೆ ಮಟ್ಟ ತಳದಲ್ಲಿರುವ ತೆರೆದ ದಾರಿ. ತಂತಿ ಕೀಳುವುದು ಅಂದರೆ ಮಣ್ಣು ಹಾಕಿದ್ದು. ಹೊತ್ತು ಜಾಸ್ತಿ ಹಿಡಿಯುವುದೇ ಕಾರ್ನರ್ ಕೆಳಗಿಳಿಯುವುದು.

ಲೆಕ್ಕದಲ್ಲಿ ಹೇಳುವುದಾದರೆ, ವೋಲ್ಟೇಜ್ ಸೋರ್ಸ್ ಸೊನ್ನೆಯಾದರೆ ಅದು ಬರೀ ತಂತಿ. ಆಗ ಕೆಪಾಸಿಟರ್‌ಗೆ ಆರ್1, ಆರ್2 ಎರಡೂ ಸಮಾನಾಂತರವಾಗಿ ಕಾಣುತ್ತವೆ, 5 ಕಿಲೋ ಓಮ್. ಕಿತ್ತರೆ ಆರ್1 ಒಂದೇ, 10 ಕಿಲೋ ಓಮ್. ಕಾರ್ನರ್ ಸಿಗುವುದು 1 ಭಾಗಿಸು 2 ಪೈ ಆರ್ ಸಿ ಎಂಬ ಸೂತ್ರದಿಂದ, ಹಾಗಾಗಿ ಆರ್ ಡಬಲ್ ಆದರೆ ಕಾರ್ನರ್ ಅರ್ಧ. ಕರೆಂಟ್ ಸೋರ್ಸ್ ಇದ್ದರೆ ಇದು ತಿರುಗುಮುರುಗು: ಸೊನ್ನೆ ಅಂದರೆ ತೆರೆದ ತಂತಿ. ಸ್ಪೈಸ್ ಎರಡನ್ನೂ ತಾನೇ ಸರಿಯಾಗಿ ನೋಡಿಕೊಳ್ಳುತ್ತದೆ. ನೀವು ಸೋರ್ಸನ್ನು ಅಳಿಸದಿದ್ದರೆ ಸಾಕು.

ಜತೆಗೆ ನಿಜವಾದ ಡಬ್ಬಿಯ ಆಚೀಚೆ ಇರುವುದನ್ನೂ ಸೇರಿಸಿ. ಪ್ರೀಆಂಪ್ ಇಲ್ಲದೆ ಮೈಕನ್ನು ನೇರ ಕೊಟ್ಟರೆ ಅದರ ಸರಣಿಯಲ್ಲಿ ಒಂದು 600 ಓಮ್ ಹಾಕಿ. ಆಂಪ್ಲಿಫೈಯರ್‌ನ ಇನ್‌ಪುಟ್ 47 ಕಿಲೋ ಓಮ್ ಇದ್ದರೆ ಅದನ್ನು ಔಟ್‌ನಿಂದ ನೆಲಕ್ಕೆ ಕಟ್ಟಿ. ನನ್ನ ಡಬ್ಬಿಯಲ್ಲಿ ಅದೊಂದರಿಂದಲೇ ಕಾರ್ನರ್ 3183ರಿಂದ 3522ಕ್ಕೆ ಹೋಗುತ್ತದೆ. ಸಣ್ಣದು ಅಂತ ಬಿಡಬೇಡಿ.

ಒಂದೇ ಹಾಳೆಯಲ್ಲಿ ಮೂರು ನಕಲು

ಪ್ರತಿ ಸಲ 1 ಮತ್ತು 0 ಅದಲು ಬದಲು ಮಾಡಿ ರನ್ ಮಾಡುವುದು ಬೇಜಾರಿನ ಕೆಲಸ. ಎಲ್‌ಟಿಸ್ಪೈಸ್‌ನಲ್ಲಿ ಸ್ಟೆಪ್ ಎಂಬ ಆದೇಶ ಕೊಟ್ಟು ಸರದಿ ಮೇಲೆ ಮಾಡಿಸಬಹುದು. ಎನ್‌ಜಿಸ್ಪೈಸ್‌ನಲ್ಲಿ ಆಲ್ಟರ್ ಇದೆ. ಆದರೆ ನನಗೆ ಇಷ್ಟವಾದ ದಾರಿ ಬೇರೆ, ಅದು ಯಾವ ಸಿಮ್ಯುಲೇಟರ್‌ನಲ್ಲೂ ನಡೆಯುತ್ತದೆ. ಇಡೀ ಸರ್ಕಿಟನ್ನು ಅದೇ ಹಾಳೆಯಲ್ಲಿ ಮೂರು ಸಲ ನಕಲು ಮಾಡಿ. ಔಟ್‌ಪುಟ್‌ಗಳಿಗೆ ಔಟ್1, ಔಟ್2, ಔಟ್3 ಅಂತ ಹೆಸರಿಡಿ. ಮೊದಲ ನಕಲಿನಲ್ಲಿ ವಿ1 ಮಾತ್ರ ಎಸಿ 1. ಎರಡನೆಯದರಲ್ಲಿ ವಿ2 ಮಾತ್ರ. ಮೂರನೆಯದರಲ್ಲಿ ಎರಡೂ.

ರನ್ ಮಾಡಿದ ಮೇಲೆ ಔಟ್1 ಕೂಡಿಸು ಔಟ್2 ಎಂಬ ಗ್ರಾಫ್ ಹಾಕಿ. ಅದರ ಮೇಲೆ ಔಟ್3 ಹಾಕಿ. ಎರಡು ಗೆರೆ ಒಂದರ ಮೇಲೊಂದು ಕೂದಲೆಳೆಯಷ್ಟೂ ಬಿಡದೆ ಕೂರಬೇಕು. ಕೂತರೆ ನಕಲಿನಲ್ಲಿ ತಪ್ಪಿಲ್ಲ ಅಂತ ಅರ್ಥ. ಕೂರದಿದ್ದರೆ ಎಲ್ಲೋ ಒಂದು ನೋಡ್ ಹೆಸರು ಎರಡು ನಕಲಿಗೆ ಒಂದೇ ಆಗಿಬಿಟ್ಟಿದೆ, ಹುಡುಕಿ. ಇಷ್ಟು ಸಸ್ತಾ ತಾಳೆ ಬೇರೆ ಸಿಗುವುದಿಲ್ಲ.

ಇಲ್ಲಿ ಕೂಡುವುದು ವೋಲ್ಟೇಜನ್ನು, ಫೇಸ್ ಸಮೇತ. ಫೇಸ್ ಅಂದರೆ ಅಲೆ ಎಷ್ಟು ಹಿಂದೆ ಮುಂದೆ ಸರಿದಿದೆ ಅನ್ನುವುದು, ಡಿಗ್ರಿಯಲ್ಲಿ. ಡೆಸಿಬಲ್ ಅಂಕಿಗಳನ್ನು ಕೂಡಬೇಡಿ. ಬರೀ ಅಳತೆಗಳನ್ನು, ಫೇಸ್ ಬಿಟ್ಟು, ಕೂಡುವುದೂ ತಪ್ಪು. ಯಾಕೆ ಅಂತ ತೋರಿಸಲು ಒಂದು ಚಂದದ ಉದಾಹರಣೆ ಇದೆ.

ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಮೂರು ಫಿಲ್ಟರ್

ಆರ್2 ತೆಗೆದುಬಿಡಿ. ವಿ1ರಿಂದ 10 ಕಿಲೋ ಓಮ್ ಮೂಲಕ ಔಟ್‌ಗೆ. ಕೆಪಾಸಿಟರ್‌ನ ಇನ್ನೊಂದು ತುದಿ ನೆಲಕ್ಕೆ ಬೇಡ, ವಿ2ಗೆ ಕಟ್ಟಿ. ಬೆಲೆ ಅದೇ 10 ನ್ಯಾನೊಫ್ಯಾರಡ್.

ವಿ1 ಮಾತ್ರ ಮಾತಾಡಿದರೆ ಲೋ ಪಾಸ್, ಕೆಳಗಿನ ಫ್ರೀಕ್ವೆನ್ಸಿಯನ್ನು ಬಿಡುವ ಫಿಲ್ಟರ್. ವಿ2 ಮಾತ್ರ ಮಾತಾಡಿದರೆ ಅದೇ ಎರಡು ಬಿಡಿಭಾಗ ಹೈ ಪಾಸ್, ಮೇಲಿನದನ್ನು ಬಿಡುತ್ತದೆ. ಎರಡರ ಕಾರ್ನರೂ 1592 ಹರ್ಟ್ಜ್, ಅಲ್ಲಿ ಎರಡೂ ಮೈನಸ್ 3 ಡೆಸಿಬಲ್, ಅಂದರೆ 0.707. ಕಣ್ಣಳತೆಯಲ್ಲಿ ಕೂಡಿದರೆ 1.414 ಬರಬೇಕು ಅಲ್ವಾ? ಎರಡಕ್ಕೂ ಎಸಿ 1 ಕೊಟ್ಟು ರನ್ ಮಾಡಿ. ಬರುವುದು ಸರಿಯಾಗಿ 1, ಅದೂ ಎಲ್ಲಾ ಫ್ರೀಕ್ವೆನ್ಸಿಯಲ್ಲೂ, ಗೆರೆ ಎಳೆದ ಹಾಗೆ ನೇರ. ಕಾರಣ, ಆ ಜಾಗದಲ್ಲಿ ಒಂದರ ಫೇಸ್ ಮೈನಸ್ 45 ಡಿಗ್ರಿ, ಇನ್ನೊಂದರದು ಪ್ಲಸ್ 45. ಒಂದು ಕಡೆ ವಾಲಿದ್ದನ್ನು ಇನ್ನೊಂದು ನೆಟ್ಟಗೆ ಮಾಡುತ್ತದೆ.

ಈಗ ವಿ2ಗೆ 'ಎಸಿ 1 180' ಅಂತ ಕೊಡಿ. ಎರಡನೇ ಅಂಕಿ ಫೇಸ್, 180 ಅಂದರೆ ತಲೆಕೆಳಗು. ಗೇನ್ ಗೆರೆ ಈಗಲೂ 0 ಡೆಸಿಬಲ್‌ನಲ್ಲೇ ನೇರ. ಏನೂ ಆಗಿಲ್ಲ ಅನ್ನಿಸುತ್ತದೆ. ಫೇಸ್ ಗೆರೆ ನೋಡಿ: 0ಯಿಂದ ಶುರುವಾಗಿ 1592 ಹರ್ಟ್ಜ್‌ನಲ್ಲಿ ಮೈನಸ್ 90, ಕೊನೆಗೆ ಮೈನಸ್ 180. ಇದೇ ಆಲ್ ಪಾಸ್ ಫಿಲ್ಟರ್. ಫೇಸ್ ನೋಡದವರಿಗೆ ಇದು ಕಾಣುವುದೇ ಇಲ್ಲ. ಅದಕ್ಕೇ ಇನ್‌ಪುಟ್ ಒಂದಕ್ಕಿಂತ ಜಾಸ್ತಿ ಇದ್ದಾಗ ಫೇಸ್ ಗೆರೆಯನ್ನು ನಾನು ಯಾವತ್ತೂ ಆಫ್ ಮಾಡುವುದಿಲ್ಲ.

ಮೂರು ಇನ್‌ಪುಟ್ ಬೇಕಾದರೆ ಇದನ್ನೇ ಮುಂದುವರಿಸಿ. ಔಟ್ ಎಂಬ ಒಂದೇ ಜಾಗಕ್ಕೆ ಮೂರು ಕಾಲು: 100 ಮಿಲಿಹೆನ್ರಿ ಕಾಯಿಲ್, 1 ಕಿಲೋ ಓಮ್, 100 ನ್ಯಾನೊಫ್ಯಾರಡ್. ಒಂದೊಂದು ಕಾಲಿನ ತುದಿಗೂ ಒಂದೊಂದು ಸೋರ್ಸ್. ಕಾಯಿಲ್ ಕಡೆಯಿಂದ ಲೋ ಪಾಸ್, ಕೆಪಾಸಿಟರ್ ಕಡೆಯಿಂದ ಹೈ ಪಾಸ್, ರೆಸಿಸ್ಟರ್ ಕಡೆಯಿಂದ ಬ್ಯಾಂಡ್ ಪಾಸ್. ಮಧ್ಯದ ಫ್ರೀಕ್ವೆನ್ಸಿ ಇಲ್ಲೂ 1592 ಹರ್ಟ್ಜ್. ಕಾಯಿಲ್ ಮತ್ತು ಕೆಪಾಸಿಟರ್ ಎರಡಕ್ಕೂ ಎಸಿ 1, ರೆಸಿಸ್ಟರ್‌ಗೆ ಎಸಿ 0 ಕೊಟ್ಟರೆ ನಾಚ್: ಅದೊಂದು ಫ್ರೀಕ್ವೆನ್ಸಿ ಪಾತಾಳಕ್ಕೆ ಇಳಿಯುತ್ತದೆ. ಎಷ್ಟು ಆಳ ಅಂತ ಸಿಮ್ಯುಲೇಟರ್ ತೋರಿಸುವುದು ನೀವು ಎಷ್ಟು ಹತ್ತಿರ ಹತ್ತಿರ ಬಿಂದು ಕೇಳಿದ್ದೀರಿ ಅನ್ನುವುದರ ಮೇಲೆ, ಆದ್ದರಿಂದ ನಾಚ್ ಇದ್ದರೆ 100 ಬಿಟ್ಟು 2000 ಬಿಂದು ಕೇಳಿ. ಆಮೇಲೆ ಕಾಯಿಲ್‌ಗೆ ಸರಣಿಯಲ್ಲಿ 50 ಓಮ್ ಹಾಕಿ ನೋಡಿ. ಸುತ್ತಿದ ತಂತಿಗೂ ಒಂದಷ್ಟು ರೆಸಿಸ್ಟೆನ್ಸ್ ಇದ್ದೇ ಇರುತ್ತದೆ. ಪಾತಾಳ ಮೈನಸ್ 26 ಡೆಸಿಬಲ್‌ಗೆ ಬಂದು ನಿಲ್ಲುತ್ತದೆ. ಕೈಯಲ್ಲಿ ಮಾಡಿದ ನಾಚ್‌ನಿಂದ ಅಷ್ಟೇ ನಿರೀಕ್ಷಿಸಿ.

ಎರಡೂ ಆನ್ ಇರುವ ಗ್ರಾಫ್ ಯಾವಾಗ ಬೇಕು?

ಇಲ್ಲಿ ತುಂಬ ಜನ ತಪ್ಪು ತಿಳಿಯುತ್ತಾರೆ. ಎರಡು ಇನ್‌ಪುಟ್‌ಗೂ ಎಸಿ 1 ಕೊಟ್ಟರೆ ಸ್ಪೈಸ್ ಅಂದುಕೊಳ್ಳುವುದು, ಎರಡಕ್ಕೂ ಒಂದೇ ಅಲೆ, ಒಂದೇ ಹೊತ್ತಿಗೆ ಬರುತ್ತಿದೆ ಅಂತ. ಭಾಗವತರ ದನಿ ಮತ್ತು ಹಾರ್ಮೋನಿಯಂ ಹಾಗಲ್ಲ, ಅವು ಬೇರೆ ಬೇರೆ. ಅವಕ್ಕೆ ಆ ಗ್ರಾಫ್‌ನಿಂದ ಏನೂ ತಿಳಿಯುವುದಿಲ್ಲ. ಔಟ್1 ಮತ್ತು ಔಟ್2 ಬೇರೆ ಬೇರೆಯಾಗಿ ನೋಡಿದರೆ ಸಾಕು. ಸಂಬಂಧ ಇಲ್ಲದ ಎರಡು ಸದ್ದು ಸಮ ಜೋರಿನಲ್ಲಿ ಸೇರಿದರೆ 3 ಡೆಸಿಬಲ್ ಏರುತ್ತದೆ, 6 ಅಲ್ಲ.

ಒಂದೇ ಸದ್ದು ಎರಡು ದಾರಿಯಲ್ಲಿ ಬಂದರೆ ಮಾತ್ರ ಎರಡೂ ಆನ್ ಮಾಡಿ. ಹಾರ್ಮೋನಿಯಂ ಮೈಕಿಗೆ ಭಾಗವತರ ದನಿಯೂ ಬೀಳುತ್ತದೆ ಅಲ್ವಾ, ಸ್ವಲ್ಪ ತಡವಾಗಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಹಾಗಾಗಿ 34 ಸೆಂಟಿಮೀಟರ್ ದೂರ ಜಾಸ್ತಿಯಾದರೆ 1 ಮಿಲಿಸೆಕೆಂಡ್ ತಡ. ಇದನ್ನು ನೋಡಲು ವಿ2 ಬೇಡ. ವಿ1ರಿಂದಲೇ ಒಂದು ಟ್ರಾನ್ಸ್‌ಮಿಷನ್ ಲೈನ್ ಎಲಿಮೆಂಟ್ (ಅಲೆಯನ್ನು ತಡಮಾಡಿ ದಾಟಿಸುವ ಬಿಡಿಭಾಗ) ಎಳೆಯಿರಿ, ಇಂಪೆಡೆನ್ಸ್ 50 ಓಮ್, ತಡ 1 ಮಿಲಿಸೆಕೆಂಡ್. ಅದರ ಕೊನೆಯಲ್ಲಿ 50 ಓಮ್ ನೆಲಕ್ಕೆ ಕಟ್ಟಿ, ಅಲ್ಲಿಂದ ಆರ್2ಗೆ ಕೊಡಿ. ಗ್ರಾಫ್‌ನಲ್ಲಿ 500, 1500, 2500 ಹರ್ಟ್ಜ್‌ನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಕುಳಿ ಬೀಳುತ್ತವೆ. ನಿಜವಾದ ವೇದಿಕೆಯಲ್ಲಿ ಎರಡನೇ ಮೈಕಿಗೆ ದನಿ ಕಮ್ಮಿ ಬೀಳುವುದರಿಂದ ಕುಳಿ ಇಷ್ಟು ಆಳ ಇರುವುದಿಲ್ಲ. ಆದರೂ ಇರುತ್ತವೆ. ಎರಡು ಮೈಕು ಹತ್ತಿರ ಇಟ್ಟಾಗ ದನಿ ಡಬ್ಬದೊಳಗಿಂದ ಬಂದ ಹಾಗೆ ಕೇಳುವುದು ಇದರಿಂದಲೇ.

ಕೆಲವು ಎಡವಟ್ಟು

ಸ್ಪೈಸ್‌ನಲ್ಲಿ 'ಎಂ' ಅಂದರೆ ಮಿಲಿ, ದೊಡ್ಡಕ್ಷರ ಹಾಕಿದರೂ. 1 ಮೆಗಾ ಓಮ್ ಬೇಕಿದ್ದರೆ 'ಮೆಗ್' ಅಂತಲೇ ಬರೆಯಿರಿ. 'ಎಫ್' ಒಂದೇ ಇದ್ದರೆ ಅದು ಫೆಮ್ಟೊ, ಫ್ಯಾರಡ್ ಅಲ್ಲ.

ಎಸಿ ಅನಾಲಿಸಿಸ್‌ಗೆ ಆಪ್‌ಆಂಪ್ (ವೋಲ್ಟೇಜ್ ದೊಡ್ಡದು ಮಾಡುವ ಐಸಿ) ಕ್ಲಿಪ್ ಆಗುವುದು, ಅಂದರೆ ಸಪ್ಲೈ ಮಿತಿ ಮುಟ್ಟಿ ಅಲೆಯ ತಲೆ ಕತ್ತರಿಸುವುದು, ತಿಳಿಯದು. ಅದು ಮೊದಲು ಡಿಸಿ ಸ್ಥಿತಿ ಲೆಕ್ಕ ಹಾಕಿ, ಅಲ್ಲಿಂದಾಚೆ ಎಲ್ಲವೂ ನೇರ ಗೆರೆ ಅಂತ ಹಿಡಿಯುತ್ತದೆ. 12 ವೋಲ್ಟ್ ಸಪ್ಲೈ ಇರುವ ಸರ್ಕಿಟ್ 1000 ವೋಲ್ಟ್ ಕೊಡುತ್ತದೆ ಅಂತ ತೋರಿಸಿದರೂ ಹೆದರಬೇಡಿ, ಅದು ಗೇನ್ ಅಷ್ಟೇ. ಕ್ಲಿಪ್ ನೋಡಬೇಕಾದರೆ ಟ್ರಾನ್ಸಿಯೆಂಟ್ (ಹೊತ್ತಿನ ಜತೆ ಅಲೆ ಹೇಗೆ ಬದಲಾಗುತ್ತದೆ ಅನ್ನುವ ಲೆಕ್ಕ) ಓಡಿಸಿ, ಒಂದು ಇನ್‌ಪುಟ್‌ಗೆ 200 ಹರ್ಟ್ಜ್, ಇನ್ನೊಂದಕ್ಕೆ 5 ಕಿಲೋ ಹರ್ಟ್ಜ್ ಕೊಟ್ಟು.

ಹಾಗೆ ನೋಡಿದರೆ ಸಪ್ಲೈ ಕೂಡ ಒಂದು ಇನ್‌ಪುಟ್ಟೇ. ಬೇರೆಲ್ಲ ಸೋರ್ಸ್ ಎಸಿ 0 ಮಾಡಿ, ಸಪ್ಲೈಗೆ ಎಸಿ 1 ಕೊಡಿ. ನಮ್ಮ ಕರೆಂಟ್ 50 ಹರ್ಟ್ಜ್, ಬ್ರಿಡ್ಜ್ ರೆಕ್ಟಿಫೈಯರ್ ಆದಮೇಲಿನ ಗುಂಯ್ ಸದ್ದು 100 ಹರ್ಟ್ಜ್. ಗ್ರಾಫ್‌ನಲ್ಲಿ 100ರ ಹತ್ತಿರ ನೋಡಿದರೆ ಎಷ್ಟು ಗುಂಯ್ ಒಳಗೆ ನುಗ್ಗುತ್ತದೆ ಅಂತ ಸಿಗುತ್ತದೆ.

ಡಬ್ಬಿಗೆ ಮದ್ದು

ಎರಡು ದಾರಿ ಸಿಕ್ಕವು. ಮೊದಲನೆಯದು ಸ್ವಿಚ್ ಇರುವ ಜಾಕ್. ಪಿನ್ ಎಳೆದ ಕೂಡಲೇ ಅದು ಇನ್‌ಪುಟ್ಟನ್ನು ತಾನೇ ನೆಲಕ್ಕೆ ಮುಟ್ಟಿಸುತ್ತದೆ. ಕಿತ್ತರೂ ಆರ್2 ತುದಿ ಸೊನ್ನೆಯಲ್ಲೇ ಇರುತ್ತದೆ, ದನಿ ಬದಲಾಗುವುದಿಲ್ಲ. ಕೈಯಲ್ಲಿ ಕಾಸಿಲ್ಲದಿದ್ದರೆ ಇದೇ ಸಾಕು.

ಎರಡನೆಯದು 4558 ಎಂಬ ಆಪ್‌ಆಂಪ್ ಐಸಿ ಹಾಕಿ ಇನ್ವರ್ಟಿಂಗ್ ಸಮ್ಮಿಂಗ್, ಅಂದರೆ ಎರಡನ್ನೂ ಕೂಡಿಸಿ ತಲೆಕೆಳಗು ಮಾಡಿ ಕೊಡುವ ಸರ್ಕಿಟ್. ಆರ್1, ಆರ್2 ಎರಡೂ ಆಪ್‌ಆಂಪ್‌ನ ಮೈನಸ್ ಪಿನ್ನಿಗೆ. ಔಟ್‌ಪುಟ್‌ನಿಂದ ಅದೇ ಪಿನ್ನಿಗೆ 10 ಕಿಲೋ ಓಮ್, ಅದರ ಜತೆ ಸಮಾನಾಂತರವಾಗಿ 4.7 ನ್ಯಾನೊಫ್ಯಾರಡ್. ಕಾರ್ನರ್ 3386 ಹರ್ಟ್ಜ್. ಮೈನಸ್ ಪಿನ್ನನ್ನು ಆಪ್‌ಆಂಪ್ ಸದಾ ನೆಲದ ಮಟ್ಟದಲ್ಲೇ ಹಿಡಿದಿರುವುದರಿಂದ ಒಂದು ಇನ್‌ಪುಟ್‌ಗೆ ಇನ್ನೊಂದು ಇದೆ ಅಂತಲೇ ಗೊತ್ತಾಗುವುದಿಲ್ಲ. ವಿ2 ಇಟ್ಟು ಒಮ್ಮೆ, ಕಿತ್ತು ಒಮ್ಮೆ ರನ್ ಮಾಡಿ. ಎರಡು ಗೆರೆ ಒಂದೇ ಆಗುತ್ತವೆ. ನಾನು ಇದನ್ನೇ ಹಾಕಿದೆ.

ಬೆಸುಗೆ ಆದಮೇಲೆ ಅಳೆಯುವಾಗಲೂ ಅದೇ ಮಾತು. ಅಳೆಯದ ಇನ್‌ಪುಟ್ಟನ್ನು ಖಾಲಿ ಬಿಡಬೇಡಿ. ಪ್ರೀಆಂಪ್ ಕಟ್ಟಿ, ಆನ್ ಮಾಡಿ, ಮೈಕನ್ನು ಸುಮ್ನೆ ಇಡಿ, ಅಥವಾ ಇನ್‌ಪುಟ್ಟನ್ನು ನೆಲಕ್ಕೆ ಮುಟ್ಟಿಸಿ. ಮೊಬೈಲ್‌ನ ಟೋನ್ ಜನರೇಟರ್ ಆಪ್‌ನಿಂದ ಇನ್ನೊಂದಕ್ಕೆ ಸದ್ದು ಕೊಡಿ. ಅಗ್ಗದ ಮಲ್ಟಿಮೀಟರ್‌ನ ಎಸಿ ರೇಂಜನ್ನು ಕೆಲವು ನೂರು ಹರ್ಟ್ಜ್ ದಾಟಿದ ಮೇಲೆ ನಂಬಬೇಡಿ. ಲ್ಯಾಪ್‌ಟಾಪಿನ ಲೈನ್ ಇನ್‌ಗೆ ಕೊಟ್ಟು ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿ, 100 ಹರ್ಟ್ಜ್‌ನ ಎತ್ತರಕ್ಕೂ 3400 ಹರ್ಟ್ಜ್‌ನ ಎತ್ತರಕ್ಕೂ 3 ಡೆಸಿಬಲ್ ಅಂತರ ಇದೆಯಾ ನೋಡಿ. ಡಿಸ್ಕ್ ಸೆರಾಮಿಕ್ ಕೆಪಾಸಿಟರ್ ಹಾಕಿದ್ದರೆ ಬೆಲೆಯಲ್ಲಿ 20 ಶೇಕಡಾ ಆಚೀಚೆ ಇರಬಹುದು, ಕಾರ್ನರ್ ಕೂಡ ಅಷ್ಟೇ ಸರಿದಿರುತ್ತದೆ. ಆಮೇಲೆ ಇನ್ನೊಂದು ಇನ್‌ಪುಟ್‌ನ ಪಿನ್ನನ್ನು ಬೇಕೆಂದೇ ಎಳೆದು, ಅದೇ ಎರಡು ಅಂಕಿಯನ್ನು ಮತ್ತೊಮ್ಮೆ ಅಳೆಯಿರಿ.